ಉರ್ದು ಕಲಿತ ಮಾಸ್ತರನ ಮಗಳು

ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಬಸವಕಲ್ಯಾಣದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ, ಮತ್ತು ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಾತು ಬರುತ್ತಿತ್ತು, ಮನೆಯ ಮಾತೇ ಅದು. ನಮ್ಮದು ಕುರಿ ಕಾಯುವವರ ಮನೆ, ಕುರಿಗಳನ್ನು ಬೈಯುತ್ತಿದ್ದುದೂ ಕನ್ನಡದಲ್ಲೇ. ಆದರೆ ನಿಜಾಮರ ಕಾಲದ ಶಾಲೆಯಲ್ಲಿ ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ. ಲೆಕ್ಕವೂ ಉರ್ದು, ಭೂಗೋಳವೂ ಉರ್ದು. ಇನ್ನು ಮೇಲೆ ಕನ್ನಡದಲ್ಲಿ ಕಲಿಸತಕ್ಕದ್ದು ಎಂದು ಒಂದು ಕಾಗದ ಬಂತು. ಆ ಕಾಗದವೂ ಕನ್ನಡದಲ್ಲಿತ್ತು. ಅದರಲ್ಲಿ ಏನಿದೆ ಎಂದು ತಿಳಿಯಲು ಇನ್ನೊಬ್ಬರ ಹತ್ತಿರ ಹೋಗಬೇಕಾಯಿತು.

ಮಕ್ಕಳಿಗಿಂತ ಒಂದು ಪಾಠ ಮುಂದಿರುವುದೇ ಆಗ ನನ್ನ ಪಾಂಡಿತ್ಯ. ಸಂಜೆ ಶಾಲೆ ಬಿಟ್ಟ ಮೇಲೆ ಒಬ್ಬ ಹಿರಿಯ ಮಾಸ್ತರರಿಂದ ಮರುದಿನದ ಪಾಠ ಓದಿಸಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಪುಸ್ತಕ ಹಿಡಿದು ಓದುವವನ ಹಾಗೆ ಅದನ್ನು ಒಪ್ಪಿಸುತ್ತಿದ್ದೆ. ಒಂದು ಸಾಲು ನಾನು ಹೇಳುವುದು, ಅದೇ ಸಾಲನ್ನು ಇಡೀ ಕ್ಲಾಸು ಕೂಗುವುದು. ಶಾಲೆಯ ಮುಂದೆ ಹೋಗುವವರು, "ಈ ಮಾಸ್ತರನ ಕ್ಲಾಸ್ ನೋಡ್ರಿ, ಹ್ಯಾಂಗ ಗದ್ದಲ ನಡದಾದ" ಎಂದು ಹೊಗಳುತ್ತಿದ್ದರು. ನಾಲ್ಕು ವರ್ಷಗಳಲ್ಲಿ ನನಗೆ ಓದಲು ನೆಟ್ಟಗೇ ಬಂತು. ಕಲಿಸುವ ರೀತಿ ಮಾತ್ರ ಹಾಗೇ ಉಳಿಯಿತು. ಒಮ್ಮೆ ಸಾಗಿದ ಮೋಸಕ್ಕೆ ಆಮೇಲೆ ಪದ್ಧತಿ ಎಂದು ಹೆಸರು ಬರುತ್ತದೆ.

ನನ್ನ ಒಬ್ಬಳೇ ಮಗಳು ಈ ಪದ್ಧತಿಯ ಕೈಗೆ ಸಿಕ್ಕಳು. ಒಂದನೇ ಕ್ಲಾಸಿನಿಂದ ನನ್ನ ಮುಂದೆಯೇ ಕೂತಳು. ಅವಳ ದನಿ ಎಲ್ಲರಿಗಿಂತ ಮುಂದೆ. ಒಂದು ಸಲ ಕೇಳಿದರೆ ಸಾಕು, ಇಡೀ ಪದ್ಯ ಒಪ್ಪಿಸುತ್ತಿದ್ದಳು. ಪುಸ್ತಕ ತೆರೆದು ಸಾಲಿನ ಕೆಳಗೆ ಬೆರಳಿಟ್ಟು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದಳು. ಬಂದವರ ಮುಂದೆಲ್ಲ ನಾನು ಅವಳನ್ನು ನಿಲ್ಲಿಸಿ ಓದಿಸುತ್ತಿದ್ದೆ. ನನ್ನ ಅವ್ವ ಮಾತ್ರ, "ಸಾಕ್ ಬಿಡಪ್ಪಾ, ಕೂಸಿಗಿ ದೃಷ್ಟಿ ಆದೀತು" ಎನ್ನುತ್ತಿದ್ದಳು.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ, ಬೇಸಿಗೆಯ ಒಂದು ಮಧ್ಯಾಹ್ನ, ಪಡಸಾಲೆಯಲ್ಲಿ ಕೂತು ನನಗೆ ಪಾಠ ಓದಿ ಹೇಳುತ್ತಿದ್ದಳು. ಬಾಗಿಲಿಂದ ಬಿಸಿಗಾಳಿ ಬೀಸಿ ಪುಸ್ತಕದ ಎರಡು ಹಾಳೆ ಮಗುಚಿದವು. ಅವಳು ನಿಲ್ಲಿಸಲಿಲ್ಲ. ಬೆರಳು ಹೊಸ ಪುಟದ ಸಾಲಿನ ಮೇಲೆ ಸರಿಯುತ್ತಿತ್ತು, ಬಾಯಿ ಹಳೆಯ ಪುಟದ ಪಾಠ ಹೇಳುತ್ತಿತ್ತು. ಹೊಸ ಪುಟದಲ್ಲಿ ಒಂಟೆಯ ಚಿತ್ರವಿತ್ತು. ಅವಳು ಮಾವಿನಹಣ್ಣಿನ ಬಗ್ಗೆ ಓದುತ್ತಿದ್ದಳು.

ನಾನು ಒಂಟೆಯನ್ನು ನೋಡುತ್ತ ಕೂತೆ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುವ ಹಾಗೆ ಆಯಿತು, ಆದರೆ ಕಾಲಿಗಲ್ಲ. ಸಣ್ಣಪುಟ್ಟದಕ್ಕೆ ಹೆದರಿ ಸಾಯುವ ನಾನು ದೊಡ್ಡದು ಬಂದಾಗ ಹೀಗೇ ಮರಗಟ್ಟಿಬಿಡುತ್ತೇನೆ. ಬಸ್ಸು ತಪ್ಪೀತು ಎಂದು ಒಂದು ತಾಸು ಮೊದಲೇ ಹೋಗಿ ನಿಲ್ಲುವವನು ನಾನು. ಅಪ್ಪ ತೀರಿದ ದಿನ ಮಾತ್ರ ಬಂದವರಿಗೆಲ್ಲ ಚಹಾ ಆಯಿತೇ ಎಂದು ವಿಚಾರಿಸುತ್ತ ತಿರುಗಿದ್ದೆ.

ಅಂದಿನಿಂದ ಒಂದೊಂದೇ ಶಬ್ದ ಬರೆದು ತೋರಿಸಿ ಕೇಳಿದೆ. ಕೆಲವು ಬಂದವು, ಹಲವು ಬರಲಿಲ್ಲ. ಕೆಲವನ್ನು ಹಿಂದುಮುಂದು ಮಾಡಿ ಓದಿದಳು, ಕೊನೆಯ ಅಕ್ಷರ ಮೊದಲು, ಮೊದಲನೆಯದು ಕೊನೆಗೆ. ನನ್ನ ಹೆಂಡತಿ ಒಲೆಯ ಮುಂದಿಂದ ಎದ್ದು ಬಂದು ನಿಂತಳು. ಅವ್ವ ಎಲೆ ಅಡಿಕೆ ಅಗಿಯುವುದು ನಿಲ್ಲಿಸಿ ತೀರ್ಪು ಕೊಟ್ಟಳು.

"ಅಪ್ಪ ಬಲಗಡಿಂದ ಎಡಗಡಿ ಓದ್ಯಾನ, ಮಗಳು ಹ್ಯಾಂಗ ನೆಟ್ಟಗ ಓದ್ಯಾಳು? ನಿನ್ನ ಉರ್ದು ರಕ್ತದಾಗ ಇಳದಾದ, ತಮ್ಮಾ."

ಓದಿದವನು ನಾನು, ಕುರಿಯನ್ನು ಮುಖದಿಂದ ಗುರುತಿಸಿ ಎಣಿಸುವವಳು ಅವಳು. ನಗಬೇಕಿತ್ತು. ನಾನು ನಂಬಿದೆ. ಚಿಂತೆ ಮಾಡುವವನಿಗೆ ಕಾರಣ ಬೇಕು, ಅದೂ ತನ್ನದೇ ತಪ್ಪಾಗಿದ್ದರೆ ಇನ್ನೂ ರುಚಿ. ನಮ್ಮ ಊರಲ್ಲಿ ಇದನ್ನು ನಂಬಿದವನು ನಾನೊಬ್ಬನೇ ಅಲ್ಲ. ಉರ್ದು ಓದಿದ ಇನ್ನಿಬ್ಬರು ಮಾಸ್ತರರೂ, "ಹೌದು ಯಾರ್, ನಮ್ಮ ಮನ್ಯಾಗೂ ಹಿಂಗ ಒಂದ್ ಅದ" ಎಂದು ತಲೆದೂಗಿದರು.

ಹೀಗಾಗಿ ಮನೆಯಲ್ಲಿ ಉರ್ದು ಬಂದ್ ಆಯಿತು. ನನ್ನ ಹಳೆಯ ಪುಸ್ತಕಗಳನ್ನು ಒಂದು ಧೋತರದಲ್ಲಿ ಗಂಟು ಕಟ್ಟಿ ಪಕ್ಕದ ಮನೆಯ ಅಟ್ಟಕ್ಕೆ ಹಾಕಿದೆ. ಹೈದರಾಬಾದಿನಿಂದ ಬರುತ್ತಿದ್ದ ಪತ್ರಿಕೆ ನಿಲ್ಲಿಸಿದೆ. ನಿಲ್ಲಿಸಿದೆ ಎಂದರೆ ಮನೆಗೆ ಬರುವುದನ್ನು ಮಾತ್ರ. ಸಂಜೆ ಚಹಾದ ಹೋಟೆಲಿನ ಹಿಂದಿನ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಓದುತ್ತಿದ್ದೆ. ಯಾರೋ ಅದನ್ನು ನನ್ನ ಹೆಂಡತಿಗೆ ಹೇಳಿದರು.

"ಸೆರೆ ಕುಡಿಯೋರೂ ಹಿಂಗ ಅಡಗಂಗಿಲ್ರಿ" ಎಂದಳು ಅವಳು. "ನಿಮ್ಮ ಚಿಂತಿಗಿ ಯಾರರೆ ಪಗಾರ ಕೊಡ್ತಿದ್ರ ನಾ ಇಷ್ಟೊತ್ತಿಗಿ ಕಿಲ್ಲೇದಾಗ ರಾಣಿ ಹಂಗ ಇರ್ತಿದ್ದೆ."

ಆ ಒಂದೂವರೆ ವರ್ಷದಲ್ಲಿ ನಾನು ಮಾಡಿದ ಇನ್ನೊಂದು ಕೆಲಸವಿದೆ. ತಪ್ಪಿದ ಶಬ್ದವನ್ನು ನೂರು ಸಲ ಬರೆಸುತ್ತಿದ್ದೆ. ಅವಳು ಬರೆಯುತ್ತಿದ್ದಳು. ಮೊದಲಿನ ನಾಲ್ಕು ಸಲ ಸರಿ ಇರುತ್ತಿತ್ತು, ಐದನೆಯದರಲ್ಲಿ ಒಂದು ಅಕ್ಷರ ಬದಲಾಗುತ್ತಿತ್ತು, ಅಲ್ಲಿಂದ ಕೆಳಗೆ ಆ ತಪ್ಪನ್ನೇ ನೋಡಿಕೊಂಡು ಇಳಿಯುತ್ತಿದ್ದಳು. ತೊಂಬತ್ತಾರು ಸಲ ತಪ್ಪು, ದುಂಡಗಿನ ಅಕ್ಷರದಲ್ಲಿ. ಎರಡು ಸಲ ಕೈ ಮೇಲೆ ಪಟ್ಟಿಯಿಂದ ಹೊಡೆದೂ ಇದ್ದೇನೆ. ಅವಳು ಅಳಲಿಲ್ಲ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆ ನೋವು ಎನ್ನತೊಡಗಿದಳು. ಅವ್ವ ಓಮದ ಕಾಳು ತಿನ್ನಿಸುತ್ತಿದ್ದಳು.

ಮನೆಯಲ್ಲಿ ಆಗಲೇ ಮಾತು ಶುರುವಾಗಿತ್ತು. ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ. ಅದರಲ್ಲಿ ಫೇಲಾದರೆ ಹುಡುಗಿ ಮನೆಯಲ್ಲಿ ಕೂಡುವುದು. ಇದನ್ನು ಮೊದಲು ಆಡಿದವಳು ಅವ್ವ, ಒಪ್ಪಿದವರು ಹೆಂಡತಿಯ ಅಣ್ಣ, ಬೇಡ ಎಂದವಳು ಹೆಂಡತಿ. "ನಾ ಓದಲಾರದ ಸತ್ತೇನೇನು?" ಎಂದು ಅವ್ವ ಕೇಳಿದರೆ, "ಬದುಕಿದ್ದು ನೋಡಾಕತ್ತೀನಲ್ಲ ಅತ್ತಿ, ಬಸ್ಸಿನ ಬೋರ್ಡ್ ಕೇಳಾಕೂ ಇನ್ನೊಬ್ರ ಮಾರಿ ನೋಡ್ತೀರಿ" ಎನ್ನುತ್ತಿದ್ದಳು ಹೆಂಡತಿ. ನಾನು ಹೂಂ ಎಂದೆ. ಯಾರಿಗೆ ಹೂಂ ಎಂದೆ ಎಂದು ಇಬ್ಬರೂ ಕೇಳಲಿಲ್ಲ, ಇಬ್ಬರೂ ತಮಗೇ ಎಂದುಕೊಂಡರು.

ಎಪ್ಪತ್ತರ ದಶಕ ಶುರುವಾದ ಹೊಸದರಲ್ಲಿ ಹುಮನಾಬಾದಿನಲ್ಲಿ ಮಾಸ್ತರರಿಗೆ ಮೂರು ದಿನದ ತರಬೇತಿ ನಡೆಯಿತು. ಎರಡನೆಯ ದಿನ ಊಟವಾದ ಮೇಲೆ ಒಬ್ಬ ಹೆಂಗಸು ಮಾತಾಡಲು ನಿಂತರು. ನಿವೃತ್ತರಾದ ಅಕ್ಕೋರು, ಹೈದರಾಬಾದಿನಲ್ಲಿ ಬಹಳ ವರ್ಷ ಕಲಿಸಿ ಊರಿಗೆ ಮರಳಿದ್ದವರು. ಎಲ್ಲರ ಹಾಗೆ ನಾನೂ ತೂಕಡಿಸುತ್ತಿದ್ದೆ. "ಬಾಯಿಂದ ಎಲ್ಲಾ ಹೇಳ್ತದ, ಓದು ಅಂದ್ರ ಹೊಟ್ಟಿ ಹಿಡ್ಕೊಂಡು ಕೂಡ್ತದ, ಅಂಥ ಕೂಸು ನಿಮ್ಮ ಕ್ಲಾಸಿನಾಗ ಒಂದರೆ ಅದ" ಎಂಬ ಮಾತು ಕಿವಿಗೆ ಬಿತ್ತು. ಎಚ್ಚರವಾಯಿತು. "ಅದು ಮಬ್ಬು ಅಲ್ಲ, ಮೈಗಳ್ಳತನ ಅಲ್ಲ. ಅದರ ತಲಿಗಿ ಅಕ್ಷರದ ದಾರಿ ಬ್ಯಾರೆ ಅದ. ಆ ದಾರಿ ಹುಡುಕಿ ಕಲಿಸೋದೂ ಒಂದ್ ಔಷಧದಂಥಾ ಕೆಲಸನೇ" ಎಂದರು. ಪಕ್ಕದವನು ಗೊರಕೆ ಹೊಡೆಯುತ್ತಿದ್ದ. ನಾನು ಅವನನ್ನು ತಿವಿಯಲಿಲ್ಲ. ಕೇಳಿಸಿಕೊಳ್ಳುವವನು ನಾನೊಬ್ಬನೇ ಇರಲಿ ಎನಿಸಿತು.

ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಮಗಳನ್ನು ಒಳಗೆ ಕೂರಿಸಿ ಸ್ವಲ್ಪ ಹೊತ್ತು ಓದಿಸಿ ನೋಡಿದ ಮೇಲೆ ಅಕ್ಕೋರು ನನ್ನನ್ನು ಕಟ್ಟೆಯ ಮೇಲೆ ವಿಚಾರಿಸಿದರು. ನಾನು ಉರ್ದುವಿನ ಕತೆಯನ್ನೆಲ್ಲ ಹೇಳಿದೆ: ನನ್ನ ಶಾಲೆ, ರಕ್ತ, ಧೋತರದ ಗಂಟು, ಹೋಟೆಲಿನ ಬೆಂಚು. ಅವರು ಮೊದಲು ಕೆಮ್ಮಿದರು. ಆಮೇಲೆ ತಡೆಯಲಾಗದೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಹಂಗಾದ್ರ ಹೈದರಾಬಾದಿನ ಅರ್ಧಾ ಮಂದಿ ಮಕ್ಕಳು ಉಲ್ಟಾ ನಡೀಬೇಕಿತ್ತಲ್ರಿ, ಮಾಸ್ತರ್ರೇ! ಇದು ಇಂಗ್ಲಿಷ್ ಓದಿದೋರ ಮನ್ಯಾಗೂ ಇರ್ತದ. ಏನೂ ಓದಲಾರದೋರ ಮನ್ಯಾಗೂ ಇರ್ತದ, ಅಲ್ಲಿ ಗೊತ್ತಾಗಂಗಿಲ್ಲ, ಅಷ್ಟೇ. ನಿಮ್ಮ ಪೇಪರ್ ನೀವು ಮನ್ಯಾಗ ಕೂತು ಓದ್ರಿ."

ಒಂದೂವರೆ ವರ್ಷ ಹಾಳಾಗಿತ್ತು. ನನಗೆ ಸಂತೋಷವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಗಂಟನ್ನು ಪಕ್ಕದ ಮನೆಯಿಂದ ಏನು ನೆವ ಹೇಳಿ ವಾಪಸು ತರುವುದು ಎಂಬ ಒಂದೇ ಯೋಚನೆ ಬಂತು.

"ಇನ್ನೊಂದ್ ಹೇಳ್ತೀನಿ" ಎಂದರು ಅಕ್ಕೋರು. "ನಿಮ್ಮ ಮಗಳು ಬಾಳ ಶ್ಯಾಣ್ಯಾಕಿ. ಕ್ಲಾಸಿನಾಗ ಎಲ್ಲಾರೂ ಕೂಡಿ ಒದರ್ತೀರಿ, ಅಕಿ ಕಿವಿಯಿಂದ ಎಲ್ಲಾ ಜಮಾ ಮಾಡ್ಕೊಂಡಾಳ. ಅದಕ್ಕ ಮೂರ್ ವರ್ಷ ನಿಮಗ ಗೊತ್ತಾಗಿಲ್ಲ."

ಅಲ್ಲಿಂದ ಸುಮಾರು ಮೂರು ವರ್ಷ ಭಾನುವಾರವೆಂದರೆ ಹುಮನಾಬಾದು. ಬೆಳಗಿನ ಬಸ್ಸು, ಸಸ್ತಾಪುರ ಬಂಗ್ಲಾದ ಹತ್ತಿರ ದೊಡ್ಡ ರಸ್ತೆ, ರಾಜೇಶ್ವರ ದಾಟಿದರೆ ಇನ್ನೇನು ಬಂತು. ಮೊದಲ ಐದಾರು ವಾರ ಅಕ್ಕೋರು ಪುಸ್ತಕವನ್ನೇ ತೆರೆಯಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಕಿಟಕಿಯಿಂದ ಇಣುಕುತ್ತಿದ್ದೆ. ಒಳಗೆ ಒಂದು ಅಗಲವಾದ ಹಿತ್ತಾಳೆಯ ಪರಾತದ ತುಂಬ ಜೋಳದ ಹಿಟ್ಟು ಹರಡಿರುತ್ತಿತ್ತು. ಅದರ ಮೇಲೆ ಮಗಳು ಬೆರಳಿನಿಂದ ದೊಡ್ಡದಾಗಿ ಒಂದಕ್ಷರ ಬರೆಯುವುದು, ಬರೆಯುತ್ತ ಬಾಯಿಂದ ಹೇಳುವುದು, ಆಮೇಲೆ ಕಣ್ಣು ಮುಚ್ಚಿ ಬರೆಯುವುದು. ಒಂದು ದಿನಕ್ಕೆ ಒಂದೇ ಅಕ್ಷರ. ಅವಳು ಒಂದರ ಬದಲು ಇನ್ನೊಂದು ಓದುವ ಅಕ್ಷರಗಳನ್ನು ಅವರು ಒಂದೇ ವಾರ ಕಲಿಸುತ್ತಿರಲಿಲ್ಲ. ಒಂದು ಗಟ್ಟಿಯಾದ ಮೇಲೆಯೇ ಅದರ ತಂಗಿ ಬರಬೇಕು ಎನ್ನುತ್ತಿದ್ದರು. ಶಬ್ದಗಳನ್ನು ಚಪ್ಪಾಳೆ ತಟ್ಟಿ ತುಂಡು ಮಾಡಿಸುತ್ತಿದ್ದರು. ಒಂದು ರಟ್ಟಿಗೆ ಕಿಂಡಿ ಕೊರೆದಿದ್ದರು. ಅದನ್ನು ಸಾಲಿನ ಮೇಲಿಟ್ಟರೆ ಒಂದೇ ಶಬ್ದ ಕಾಣುತ್ತಿತ್ತು, ಉಳಿದವು ಮುಚ್ಚಿರುತ್ತಿದ್ದವು.

ಪಠ್ಯಪುಸ್ತಕ ಅವಳಿಗೆ ಬಾಯಿಪಾಠವಾಗಿತ್ತು, ಅದರಿಂದ ಉಪಯೋಗವಿರಲಿಲ್ಲ. ಅದಕ್ಕೆ ಅವರು ಮಗಳಿಗೇ ಏನಾದರೂ ಹೇಳು ಎನ್ನುತ್ತಿದ್ದರು. ಅವಳು ಹೇಳಿದ್ದನ್ನು ಹಾಗೆಯೇ ಬರೆದು, ಚೀಟಿಗಳಾಗಿ ಕತ್ತರಿಸಿ, ಕಲಸಿ, ಜೋಡಿಸಿ ಓದು ಎಂದು ಕೊಡುತ್ತಿದ್ದರು. ಹೀಗೆ ನನ್ನ ಮಗಳು ಓದಿದ ಮೊದಲ ವಾಕ್ಯ ಯಾವ ಪುಸ್ತಕದಲ್ಲೂ ಇಲ್ಲ. "ನಮ್ಮಪ್ಪ ಬಸ್ಸಿನಾಗ ಮೂರ್ ಸಲ ಟಿಕೀಟು ನೋಡತಾನ." ಕಿಟಕಿಯ ಹೊರಗೆ ನಿಂತು ಇದನ್ನು ಕೇಳಿಸಿಕೊಂಡೆ. ಜೇಬಿಗೆ ಹೋಗಿದ್ದ ಕೈಯನ್ನು ಹೊರಗೆ ತೆಗೆದೆ.

ಮನೆಗೆಂದು ಅವರು ಕೊಟ್ಟ ಕೆಲಸ ಸಣ್ಣದು. ದಿನಕ್ಕೆ ಹತ್ತೇ ನಿಮಿಷ, ಗಡಿಯಾರ ನೋಡಿಕೊಂಡು. ಸರಿ ಬಂದಲ್ಲಿ ನಿಲ್ಲಿಸಬೇಕು, ತಪ್ಪಿದಲ್ಲಿ ಅಲ್ಲ. ಪರೀಕ್ಷೆ ಮಾಡಬಾರದು. ಕ್ಲಾಸಿನಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಓದಿಸಬಾರದೆಂದು ಅವಳ ಈಗಿನ ಮಾಸ್ತರರಿಗೆ ನಾನೇ ಹೋಗಿ ಹೇಳಬೇಕು. ಕೊನೆಯದನ್ನು ಮಾಡಿದೆ. ಉಳಿದವನ್ನು ಸುಧಾರಿಸಿದೆ. ಹತ್ತು ನಿಮಿಷದಲ್ಲಿ ಇಷ್ಟು ಬಂದರೆ ಅರ್ಧ ತಾಸಿನಲ್ಲಿ ಎಷ್ಟು ಬಂದೀತು ಎಂದು ಲೆಕ್ಕ ಹಾಕಿದೆ. ಮೂರು ವಾರಕ್ಕೆ ಹೊಟ್ಟೆನೋವು ಮರಳಿತು.

ಅಕ್ಕೋರು ನನ್ನನ್ನು ಆ ಭಾನುವಾರ ಮೊದಲ ಸಲ ಒಳಗೆ ಕರೆದರು. "ಇವತ್ತ ಪಾಠ ನಿಮಗ" ಎಂದು ಒಂದು ತೆಲುಗು ಬಾಲಪಾಠದ ಪುಸ್ತಕ ಕೈಗಿಟ್ಟರು. ನನಗೆ ತೆಲುಗು ಲಿಪಿ ಬರುವುದಿಲ್ಲ. ಆದರೆ ನೋಡಿದರೆ ಬರುತ್ತದೆ ಎನಿಸುತ್ತದೆ, ಅದೇ ಅದರ ಕಾಟ. ಅರ್ಧ ಅಕ್ಷರ ಕನ್ನಡದವೇ, ಉಳಿದ ಅರ್ಧ ಅವುಗಳ ಸೋದರಮಾವನ ಮಕ್ಕಳ ಹಾಗೆ, ಮುಖ ಗೊತ್ತು, ಹೆಸರು ನೆನಪಾಗದು.

"ಓದ್ರಿ, ಜಲ್ದಿ ಓದ್ರಿ" ಎಂದರು ಅಕ್ಕೋರು. ನಾನು ಎರಡು ಶಬ್ದ ಓದಿ ಮೂರನೆಯದಕ್ಕೆ ಸಿಕ್ಕಿಕೊಂಡೆ. "ನಿನ್ನೆ ಬಂದಿತ್ತಲ್ಲ? ಇಷ್ಟು ಸಾದಾ ಶಬ್ದ ಬರಂಗಿಲ್ಲೇನು? ಚಿತ್ತ ಎಲ್ಲಿ ಅದ?" ಇವು ನನ್ನವೇ ಮಾತುಗಳು. ಮಗಳು ಹೇಳಿರಬೇಕು. ಅಂಗಿ ಬೆನ್ನಿಗೆ ಅಂಟಿತು. ಸಾಲುಗಳು ಒಂದರ ಮೇಲೊಂದು ಹತ್ತಿದವು.

ಬಾಗಿಲಲ್ಲಿ ನಿಂತಿದ್ದ ಮಗಳು ಹತ್ತಿರ ಬಂದಳು. "ಅಪ್ಪಾ, ಬೆರಳು ಇಡು. ಒಂದೊಂದೇ ನೋಡು. ಅಕ್ಕೋರು ಬೈತಾರಂತ ಅವರ ಮಾರಿ ನೋಡಬ್ಯಾಡ" ಎಂದು ತನ್ನ ಕಿಂಡಿಯ ರಟ್ಟನ್ನು ನನ್ನ ಸಾಲಿನ ಮೇಲಿಟ್ಟಳು.

ಬಸ್ಸಿನಲ್ಲಿ ವಾಪಸು ಬರುವಾಗ ಏನಾದರೂ ಹೇಳಬೇಕೆನಿಸಿತು. ಟಿಕೀಟು ತೆಗೆದು ಅವಳ ಕೈಗೆ ಕೊಟ್ಟು, "ಇದು ನಿನ್ನ ಹತ್ರ ಇರಲಿ" ಎಂದೆ. ಅಷ್ಟೇ ಸಾಧ್ಯವಾಯಿತು.

ಓದು ನಿಧಾನವಾಗಿ ಬಂತು. ನಿಧಾನ ಎಂದರೆ ವಾರದಿಂದ ವಾರಕ್ಕೆ ಏನೂ ಕಾಣುತ್ತಿರಲಿಲ್ಲ. ಐದನೇ ಕ್ಲಾಸಿನ ಕೊನೆಗೆ ಅಂಗಡಿಯ ಹಲಗೆಗಳನ್ನು ಓದತೊಡಗಿದಳು. ಆರನೆಯದರಲ್ಲಿ ತಾನು ಎಂದೂ ಕೇಳದ ಒಂದು ಪುಟವನ್ನು ಕೊನೆಯವರೆಗೆ ಓದಿದಳು. ಅದಕ್ಕೆ ಉಳಿದವರಿಗಿಂತ ಮೂರು ಪಟ್ಟು ಹೊತ್ತು ಹಿಡಿಯಿತು, ನಡುವೆ ಎರಡು ಸಲ ನೀರು ಕುಡಿದಳು. ವಾಸಿಯಾಗುವ ರೋಗ ಇದಲ್ಲ ಎಂದು ಅಕ್ಕೋರು ಮೊದಲೇ ಹೇಳಿದ್ದರು. "ಅಕಿ ಯಾವತ್ತೂ ನಿಧಾನನೇ ಓದ್ತಾಳ್ರಿ. ನಾ ಕಲಿಸೋದು ಓಡಾಕ ಅಲ್ಲ. ಹೆದರಲಾರದ ನಡ್ಯಾಕ." ಹೊಟ್ಟೆನೋವು ನಿಂತಿತು. ನಾನು ಓಮದ ಡಬ್ಬಿಯನ್ನು ಆಗಾಗ ತೆರೆದು ಎಷ್ಟು ಉಳಿದಿದೆ ಎಂದು ನೋಡುತ್ತಿದ್ದೆ, ಕಡಿಮೆಯಾಗುತ್ತಿರಲಿಲ್ಲ.

ಏಳನೆಯದರ ಪರೀಕ್ಷೆ ಬಂತು. ಫೇಲಾದರೆ ಮನೆ ಎಂಬ ಮಾತನ್ನು ಅವ್ವ ಮರೆತಿರಲಿಲ್ಲ. ಅಕ್ಕೋರು ಎರಡು ತಿಂಗಳು ಮಗಳಿಗೆ ಪರೀಕ್ಷೆ ಬರೆಯುವುದನ್ನೇ ಕಲಿಸಿದರು. ಪ್ರಶ್ನೆಯನ್ನು ಎರಡು ಸಲ ಓದುವುದು, ಮುಖ್ಯ ಶಬ್ದದ ಕೆಳಗೆ ಗೆರೆ ಎಳೆಯುವುದು, ಬರುವುದನ್ನು ಮೊದಲು ಬರೆಯುವುದು, ಉದ್ದ ಪ್ರಶ್ನೆಗೆ ಇಷ್ಟೇ ಹೊತ್ತು ಎಂದು ಗಂಟೆಯ ಸದ್ದಿನಿಂದ ಅಂದಾಜು ಮಾಡುವುದು. ನನ್ನನ್ನು ಕರೆದು ಒಂದೇ ಮಾತು ಹೇಳಿದರು: "ಅಕಿ ತಯಾರ್ ಆಗ್ಯಾಳ. ನೀವು ನಡುವ ಕೈ ಹಾಕಬ್ಯಾಡ್ರಿ."

ನಾನು ಕೈ ಹಾಕಿದೆ. ಅವಳ ಕೋಣೆಯ ಮೇಲ್ವಿಚಾರಕನಾಗಿ ಬಂದವನು ಹಳ್ಳಿಖೇಡದ ಮಾಸ್ತರ, ಉರ್ದು ಶಾಲೆಯಲ್ಲಿ ನನ್ನ ಪಕ್ಕ ಕೂತವನು. ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಶಾಲೆಯ ನೀರಿನ ಟಾಕಿಯ ಹಿಂದೆ ಅವನನ್ನು ಹಿಡಿದೆ.

"ಉತ್ತರ ಹೇಳಬ್ಯಾಡ ಭಾಯಿ. ಪ್ರಶ್ನಿ ಒಂದ್ ಓದಿ ಹೇಳಿಬಿಡು. ಅಷ್ಟ."

"ಅರೇ, ಇಷ್ಟಕ್ಕ ಯಾಕ ಬೆವರಾಕತ್ತೀದಿ? ನಿನ್ನ ಮಗಳಂದ್ರ ನನ್ನ ಮಗಳು. ಫಿಕರ್ ಬಿಡು" ಎಂದು ಅವನು ಬೆನ್ನು ತಟ್ಟಿದ.

ಫಲಿತಾಂಶದ ಹಾಳೆಯನ್ನು ಶಾಲೆಯ ಗೋಡೆಗೆ ಅಂಟಿಸಿದರು. ಅವಳ ನಂಬರು ಪಾಸಾದವರ ಪಟ್ಟಿಯಲ್ಲಿತ್ತು, ಕೊನೆಯ ಹತ್ತರಲ್ಲಿ. ಹೆಂಡತಿ ಸಕ್ಕರೆ ಹಂಚಿದಳು. ಅವ್ವ ಕೂಡ ಮೊಮ್ಮಗಳ ಮುಖಕ್ಕೆ ಕೈ ನಿವಾಳಿಸಿ ಲಟಿಕೆ ಮುರಿದಳು. ನಾನು ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ನಿಂತೆ. ಅದು ಕರಗಿತು. ಯಾರು ಪಾಸಾದದ್ದು, ಮಗಳೋ ನನ್ನ ದೋಸ್ತನೋ?

ಹೈಸ್ಕೂಲಿನ ಅರ್ಜಿ ತಂದು ಮಗಳು ನನ್ನ ಮುಂದಿಟ್ಟಳು, ಸಹಿ ಮಾಡು ಎಂದು. ನಾಳೆ ಎಂದೆ. ಮರುದಿನವೂ ನಾಳೆ ಎಂದೆ. ಪಾಸು ಖರೆಯಲ್ಲದಿದ್ದರೆ ಎಂಟನೆಯದರಲ್ಲಿ ಅವಳನ್ನು ಮತ್ತೆ ಎಲ್ಲರ ಮುಂದೆ ನಿಲ್ಲಿಸಿ ನಗೆಗೀಡು ಮಾಡಿದ ಹಾಗಾಗುತ್ತದೆ, ಅದಕ್ಕಿಂತ ಮನೆಯೇ ವಾಸಿ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿಕೆಯನ್ನು ಪ್ರಾಮಾಣಿಕತೆ ಎಂದು ಕರೆಯುವ ಕಲೆ ನನಗೆ ಚೆನ್ನಾಗಿ ಬರುತ್ತದೆ. ಹೆಂಡತಿ ಎರಡು ದಿನ ನೋಡಿದಳು. ಮೂರನೆಯ ದಿನ ರೊಟ್ಟಿಯ ತಟ್ಟೆಯನ್ನು ನನ್ನ ಮುಂದೆ ಕುಕ್ಕಿ, "ಅರ್ಜಿ ಕೊಡಾಕ ಸೋಮವಾರ ಆಖರಿ ದಿನ ಅದ. ನಿಮ್ಮ ಹೊಟ್ಟ್ಯಾಗ ಏನದ, ಅದನ್ನ ಕಕ್ಕಿ ಬರ್ರಿ ಎಲ್ಲಿಗರೆ ಹೋಗಿ" ಎಂದಳು.

ಶನಿವಾರ ಮಧ್ಯಾಹ್ನ ಹಳ್ಳಿಖೇಡಕ್ಕೆ ಹೋದೆ. ಸಕ್ಕರೆ ಕಾರ್ಖಾನೆ ಬಂದ್ ಆಗಿದ್ದ ಕಾಲ, ರಸ್ತೆಯಲ್ಲಿ ಕಬ್ಬಿನ ಲಾರಿಗಳಿರಲಿಲ್ಲ. ದೋಸ್ತ ಬರೀ ಬನಿಯನ್ ಹಾಕಿಕೊಂಡು ಕೂತು ಎತ್ತಿನ ಹಗ್ಗ ಹೊಸೆಯುತ್ತಿದ್ದ. ಚಹಾ ಬರುವ ತನಕವೂ ತಡೆಯದೆ ಕೇಳಿಬಿಟ್ಟೆ, ಅವತ್ತು ಓದಿ ಹೇಳಿದೆಯೇನು ಎಂದು.

ಅವನು ಹಗ್ಗ ಕೆಳಗಿಟ್ಟ. "ಎಲ್ಲಿಂದ ಹೇಳಲಿ? ನಾ ಹೋಗಿ ಬಗ್ಗಿ ಪೇಪರ್ ಹಿಡದೆ. ನಿನ್ನ ಮಗಳು ಏನಂದಳು ಗೊತ್ತೇನು? 'ಸರ, ನೀವು ಬಾಳ ಜಲ್ದಿ ಓದ್ತೀರಿ. ನನಗ ತಿಳಿಯಂಗಿಲ್ಲ. ನಾನೇ ಓದ್ಕೋತೀನಿ' ಅಂದಳು. ನನಗ ನಗಿ ಬಂತು."

"ಆಮ್ಯಾಲ?"

"ಆಮ್ಯಾಲೇನು, ನೀ ಬೆವತಿದ್ದು ನೆನಪಾತು. ಪಾಪ, ದೋಸ್ತ ಹೇಳ್ಯಾನ ಅಂತ ಮತ್ತ ಹೋದೆ. ಬಾಜೂಕ ನಿಂತೇ ಇದ್ದೆ. ಅಕಿ ಬೆರಳಿಟ್ಟು ಓದಾಕ ಸುರು ಮಾಡಿದ್ಲು, ನಾ ನಡುವ ಬಾಯಿ ಹಾಕಿದೆ. ಮತ್ತ ಮೊದಲಿಂದ ಸುರು ಮಾಡಿದ್ಲು. ಹಿಂಗ ಮೂರ್ ನಾಕ್ ಸಲ ಆತು. ಕಡೀಗಿ ಪೆನ್ ಕೆಳಗಿಟ್ಟು ನನ್ನ ನೋಡಿದ್ಲು. ಅಳಲಿಲ್ಲ. ಬರೇ ನೋಡಿದ್ಲು. ಆಗ ನಾ ಬಿಟ್ಟು ಬಂದೆ, ಯಾರ್. ಕಡೀ ಪ್ರಶ್ನಿ ಅಕಿಗಿ ಬರ್ಯಾಕ ಟೈಮ್ ಸಿಗಲಿಲ್ಲ. ಗಂಟಿ ಹೊಡದುಬಿಡ್ತು."

ಚಹಾ ಬಂತು. ಕುಡಿದೆ. ಬಿಸಿಯಿತ್ತೋ ಆರಿತ್ತೋ ನೆನಪಿಲ್ಲ. ಅವಳು ನನಗೆ ಏನೂ ಹೇಳಿರಲಿಲ್ಲ. ಅಂದು ಸಂಜೆ ಹೇಗಾಯಿತು ಎಂದು ಕೇಳಿದಾಗ, "ಒಂದ್ ಬಿಟ್ಟೀನಿ ಅಪ್ಪಾ" ಎಂದಿದ್ದಳು. ಯಾಕೆ ಬಿಟ್ಟೆ ಎಂದು ನಾನು ಒಂದು ತಾಸು ಉಪದೇಶ ಮಾಡಿದ್ದೆ. ಆ ಮೇಲ್ವಿಚಾರಕ ಯಾರು ಹೇಳಿ ಕಳಿಸಿದವನು ಎಂದು ಅವಳಿಗೆ ಗೊತ್ತಾಗದೇ ಇರಲು ಸಾಧ್ಯವಿಲ್ಲ. ಎಷ್ಟೋ ಸಲ ನಮ್ಮ ಮನೆಯಲ್ಲಿ ಊಟ ಮಾಡಿದವನು ಅವನು.

ಬಸ್ಸು ಸಿಗಲು ಎರಡು ತಾಸು ಕಾದೆ. ಮನೆಗೆ ಬಂದಾಗ ಮಗಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅರ್ಜಿ ಕೊಡು ಎಂದೆ. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿ ತಂದುಕೊಟ್ಟಳು. ಸಹಿ ಮಾಡಿದೆ.

"ಹಳ್ಳಿಖೇಡಕ್ಕ ಹೋಗಿದ್ದೆ" ಎಂದೆ.

"ಹೂಂ" ಎಂದಳು. ಅರ್ಜಿಯ ಮೇಲಿನ ಮಸಿ ಆರಲೆಂದು ಊದಿದಳು. "ಆ ಸರ್ ಚೊಲೋ ಅದಾರ ಅಪ್ಪಾ. ಖರೇ ಬಾಳ ಮಾತಾಡ್ತಾರ."

ತಪ್ಪಾಯಿತು ಎಂದು ಹೇಳಬೇಕಿತ್ತು. ಆ ಮಾತು ನನಗೆ ಮೂರು ಭಾಷೆಗಳಲ್ಲಿ ಬರುತ್ತದೆ. ಬಕೆಟ್ಟಿನಲ್ಲಿ ಉಳಿದಿದ್ದ ಬಟ್ಟೆಗಳನ್ನು ಒಂದೊಂದೇ ಹಿಂಡಿ ಅವಳ ಕೈಗೆ ಕೊಡುತ್ತ ನಿಂತೆ.

ಸೋಮವಾರ ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತರು ಅರ್ಜಿ ನೋಡಿ, ಅಂಕಗಳ ಮೇಲೆ ಬೆರಳಾಡಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನನ್ನ ಹುದ್ದೆ ಅವರಿಗೆ ಗೊತ್ತಿತ್ತು.

"ಮಾಸ್ತರ್ರ ಮಗಳು ಆಗಿ ಇಷ್ಟ ಬಂದಾವಲ್ರಿ? ಹೈಸ್ಕೂಲ್ ಅದ ಇದು. ಇಲ್ಲಿ ನಡಸ್ತಾಳೇನ್ರಿ ಇಕಿ?"

ಉತ್ತರ ನನ್ನ ಬಾಯಲ್ಲಿ ತಯಾರಿತ್ತು. ಒಂದಲ್ಲ, ನಾಲ್ಕು: ನಾನು ಮನೆಯಲ್ಲಿ ಹೇಳಿಕೊಡುತ್ತೇನೆ, ಹುಮನಾಬಾದಿನಲ್ಲಿ ಒಬ್ಬ ಅಕ್ಕೋರಿದ್ದಾರೆ, ಒಂದು ಪ್ರಶ್ನೆ ಬಿಟ್ಟದ್ದು ಅವಳ ತಪ್ಪಲ್ಲ, ಹೆಡ್‌ಮಾಸ್ತರರು ನನಗೆ ಪರಿಚಯ. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಓದುತ್ತಿದ್ದಳು, ತುಟಿ ಅಲುಗುತ್ತಿತ್ತು, ಇನ್ನೂ ಸೋಮವಾರದ ಸಾಲಿನಲ್ಲೇ ಇದ್ದಳು.

"ಅಕಿನ್ನೇ ಕೇಳ್ರಿ" ಎಂದೆ.

ಒಳಗೆ ನಿಂತರೆ ಅವಳು ಬಾಯಿ ತೆರೆಯುವ ಮೊದಲು ನಾನೇ ಹೇಳಿಬಿಡುತ್ತೇನೆಂದು ಹೊರಗೆ ವರಾಂಡಕ್ಕೆ ಬಂದೆ. ಅಲ್ಲಿ ಇನ್ನೂ ಇಬ್ಬರು ತಂದೆಯರು ಅರ್ಜಿ ಹಿಡಿದು ನಿಂತಿದ್ದರು. ಅವರಲ್ಲೊಬ್ಬರು ಒಳಗೆ ಇಣುಕಿ, "ಯಾಕ್ರೀ, ನಿಮ್ಮ ಕೂಸು ಸುಮ್ಮನ ನಿಂತದಲ್ಲ?" ಎಂದು ಕೇಳಿದರು.

"ವಿಚಾರ ಮಾಡಾಕತ್ತಾಳ್ರಿ" ಎಂದು ಹೇಳಿ, ನಾನು ಅಲ್ಲೇ ನಿಂತೆ.